ಬಾತ್ ನಗರದ ಪಾರಂಪರಿಕ ಮನೆ: ಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

ನಮ್ಮ ಸದಸ್ಯರೊಬ್ಬರು ಇತ್ತೀಚೆಗೆ ಒಂದು ಮಾರಾಟದ ಪ್ರಕಟಣೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಇಂಗ್ಲೆಂಡಿನ ಬಾತ್ ನಗರದಲ್ಲಿ ಹದಿನೆಂಟನೆಯ ಶತಮಾನದ ಮನೆ, ಸಂಪೂರ್ಣ ಜೀರ್ಣೋದ್ಧಾರವಾಗಿದೆ, ಬೆಲೆ 6 ಲಕ್ಷ ಪೌಂಡ್. ಮಗಳು ಅಲ್ಲಿಯೇ ವ್ಯಾಸಂಗ ಮಾಡುತ್ತಿರುವುದರಿಂದ ಅವರಿಗೆ ಆಸೆ ಹುಟ್ಟಿತ್ತು. ಅವರಿಗೆ ನೀಡಿದ ವಿವರಣೆ ಇತರ ಸದಸ್ಯರಿಗೂ ಉಪಯುಕ್ತವಾಗಬಹುದು.

ಬಾತ್ ರೋಮನ್ನರ ಕಾಲದಿಂದಲೂ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಊರು. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2021ರಲ್ಲಿ ಯುರೋಪಿನ ಹನ್ನೊಂದು ಮಹಾ ಸ್ನಾನನಗರಗಳಲ್ಲಿ ಒಂದೆಂದು ಮತ್ತೊಮ್ಮೆ ಸೇರಿತು. ಅಲ್ಲಿನ ಹೊಂಬಣ್ಣದ ಸುಣ್ಣಕಲ್ಲು ಮೃದುವಾದುದು. ಅದರ ಸಂದುಗಳಿಗೆ ಗಾರೆಯ ಬದಲು ಸಿಮೆಂಟು ತುಂಬಿದ್ದರೆ ತೇವ ಹೊರಹೋಗಲಾರದೆ ಕಲ್ಲೇ ಸವೆಯುತ್ತದೆ. ಆದುದರಿಂದ 'ಜೀರ್ಣೋದ್ಧಾರ' ಎಂಬ ಪದವನ್ನು ಕಂಡೊಡನೆ ಹಿಗ್ಗಬೇಕಾಗಿಲ್ಲ.

ನಿಜವಾದ ತೊಡಕು ಕಾನೂನಿನಲ್ಲಿದೆ. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸುವುದು 1990ರ ಕಾಯಿದೆಯಂತೆ ಅಪರಾಧ. ಒಳಗಿನ ಮೆಟ್ಟಿಲು, ಬೆಂಕಿಗೂಡುಗಳಿಗೂ ಇದು ಅನ್ವಯಿಸುತ್ತದೆ. ಶಿಕ್ಷೆ ಕೆಲಸ ಮಾಡಿದವನಿಗೆ ಅಥವಾ ಮಾಡಿಸಿದವನಿಗೆ. ಆದರೆ ಸರಿಪಡಿಸಬೇಕೆಂಬ ನೋಟೀಸು ಈಗಿನ ಮಾಲೀಕನಿಗೆ ಬರಬಹುದು. ಅದಕ್ಕೆ ಕಾಲಮಿತಿಯಿಲ್ಲ. ಹಿಂದಿನವರು ಕಿತ್ತೆಸೆದ ಕಿಟಕಿಯನ್ನು ಕೊಂಡವರು ತಮ್ಮ ಖರ್ಚಿನಲ್ಲಿ ಮರಳಿ ಕೂರಿಸಬೇಕಾದೀತು! ಅನುಮೋದಿತ ಮಾರ್ಪಾಡುಗಳಿಗಿದ್ದ ಶೂನ್ಯ ದರದ ವ್ಯಾಟ್ ಸೌಲಭ್ಯವೂ 2012ರ ಅಕ್ಟೋಬರ್‌ನಲ್ಲಿ ರದ್ದಾಗಿದೆ. ಈಗ ಸಾಮಾನ್ಯವಾಗಿ ಶೇ. 20 ತೆರಬೇಕು.

ಇನ್ನು ಮುದ್ರಾಂಕ ತೆರಿಗೆ. 6 ಲಕ್ಷ ಪೌಂಡ್ ಬೆಲೆಗೆ ಸಾಮಾನ್ಯ ದರದಲ್ಲಿ 20,000 ಪೌಂಡ್ ಆಗುತ್ತದೆ. ಆದರೆ ಇಲ್ಲಿ ಸ್ವಂತ ಮನೆಯಿರುವವರಿಗೆ ಅದು ಹೆಚ್ಚುವರಿ ಮನೆ, ಶೇ. 5 ಅಧಿಕ. ಅನಿವಾಸಿಗೆ ಇನ್ನೂ ಶೇ. 2. ಈ ಎರಡರಿಂದಲೇ 42,000. ಒಟ್ಟು 62,000 ಪೌಂಡ್. ನಮ್ಮ ಸದಸ್ಯರು ಲೆಕ್ಕ ಹಾಕಿದ್ದುದು 20,000 ಮಾತ್ರ.

ಹಣ ಕಳುಹಿಸುವುದೂ ಸುಲಭವಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬ ವ್ಯಕ್ತಿಗೆ ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್ ಮಿತಿ. ಇದು ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗಾಗಲಿ, ಕಂಪನಿಗಾಗಲಿ, ಹಿಂದೂ ಅವಿಭಕ್ತ ಕುಟುಂಬಕ್ಕಾಗಲಿ ಇಲ್ಲ. ಇಂತಹ ಬಂಡವಾಳ ರವಾನೆಗೆ ಬ್ಯಾಂಕುಗಳು ಸಾಲ ಕೊಡುವಂತಿಲ್ಲವಾದ್ದರಿಂದ ಅಂಗಡಿಯ ಓವರ್‌ಡ್ರಾಫ್ಟಿನತ್ತ ಕಣ್ಣು ಹಾಯಿಸಬಾರದು. ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಮೊತ್ತದ ಮೇಲೆ ಬ್ಯಾಂಕು ಶೇ. 20 ತೆರಿಗೆ ಸಂಗ್ರಹಿಸುತ್ತದೆ. ಅದು ಆದಾಯ ತೆರಿಗೆಗೆ ಜಮೆಯಾಗುವುದು ನಿಜ. ಆದರೂ ಅಷ್ಟು ಕಾಲ ದುಡಿಯುವ ಬಂಡವಾಳ ಕಟ್ಟಿಬೀಳುತ್ತದೆ.

ಕೊಂಡ ಬಳಿಕ ಆದಾಯ ತೆರಿಗೆ ವಿವರಣಾ ಪಟ್ಟಿಯಲ್ಲಿ ಆ ಮನೆಯನ್ನು ಪ್ರತಿವರ್ಷ ಘೋಷಿಸಬೇಕು. ಬಾಡಿಗೆ ಬರುವುದಿಲ್ಲವೆಂದು ಬಿಟ್ಟರೆ 2015ರ ಕಪ್ಪುಹಣ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಸದ್ಯ ನಮ್ಮ ಸದಸ್ಯರು ಜೀರ್ಣೋದ್ಧಾರದ ಅನುಮತಿ ಪತ್ರಗಳ ನಕಲುಗಳನ್ನು ಮಾರಾಟಗಾರರಿಂದ ಕೇಳಿದ್ದಾರೆ. ಅವು ಕೈಸೇರುವವರೆಗೆ ಮುಂಗಡ ಕೊಡಬಾರದೆಂದು ತಿಳಿಸಿದ್ದೇನೆ.