ಗಡಸಾದ ಯಕೃತ್ತು, ದಾರಿಗೆಟ್ಟ ರಕ್ತಪ್ರವಾಹ

ನಾವು ಉಂಡ ಅನ್ನದ ಸಾರವು ಕರುಳಿನಿಂದ ನೇರವಾಗಿ ಹೃದಯವನ್ನು ಸೇರುವುದಿಲ್ಲ. ಅದನ್ನು ಹೊತ್ತ ರಕ್ತವು ಮೊದಲು ಪೋರ್ಟಲ್ ಅಭಿಧಮನಿ ಎಂಬ ನಾಳದ ಮೂಲಕ ಯಕೃತ್ತಿಗೆ ಹೋಗಿ, ಅಲ್ಲಿ ಶುದ್ಧಿಗೊಂಡು, ಅನಂತರ ಹೃದಯದ ಕಡೆಗೆ ಸಾಗುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತವು ಯಕೃತ್ತನ್ನು ಹಾಯ್ದುಹೋಗುವುದುಂಟು. ಅದರಲ್ಲಿ ಮುಕ್ಕಾಲು ಪಾಲು ಬರುವುದು ಈ ನಾಳದಿಂದಲೇ. ಹೀಗಿದ್ದರೂ ಆರೋಗ್ಯವಂತರಲ್ಲಿ ಯಕೃತ್ತಿನೊಳಕ್ಕೆ ಬರುವ ಅಭಿಧಮನಿಗೂ ಹೊರಹೋಗುವ ಅಭಿಧಮನಿಗೂ ಇರುವ ಒತ್ತಡದ ಅಂತರವು ಪಾದರಸದ 5 ಮಿಲಿಮೀಟರನ್ನು ಮೀರುವುದಿಲ್ಲ.

ಬಹುಕಾಲದ ಮದ್ಯಪಾನ, ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಯಕೃತ್ತಿನಲ್ಲಿ ಶೇಖರವಾಗುವ ಕೊಬ್ಬು — ಇವು ವರ್ಷಗಟ್ಟಲೆ ಹಾನಿ ಮಾಡುತ್ತ ಹೋದಾಗ ಮೃದುವಾದ ಯಕೃತ್ತಿನಲ್ಲಿ ನಾರಿನ ಕಲೆಗಳೂ ಗಂಟುಗಳೂ ತುಂಬಿ ಅದು ಗಡಸಾಗುತ್ತದೆ. ಸ್ಟೆತೊಸ್ಕೋಪನ್ನು ಕಂಡುಹಿಡಿದ ಫ್ರೆಂಚ್ ವೈದ್ಯ ಲೇನೆಕ್ 1819ರಲ್ಲಿ ಇದಕ್ಕೆ ‘ಸಿರೋಸಿಸ್’ ಎಂದು ಹೆಸರಿಟ್ಟನು. ರೋಗಗ್ರಸ್ತ ಯಕೃತ್ತಿನ ಕಂದುಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಪದದಿಂದ ಬಂದ ಹೆಸರಿದು.

ತೂಬು ಕಟ್ಟಿಕೊಂಡ ಕೆರೆಗೆ ನೀರು ಬರುತ್ತಲೇ ಇದ್ದರೆ ಅದು ಏರಿಯ ದುರ್ಬಲವಾದ ಎಡೆಗಳನ್ನು ಹುಡುಕಿಕೊಳ್ಳುತ್ತದೆ. ರಕ್ತವೂ ಹಾಗೆಯೇ. ಒತ್ತಡದ ಅಂತರವು 10 ಮಿಲಿಮೀಟರಿಗೆ ಏರಿದಾಗ ರಕ್ತವು ಯಕೃತ್ತನ್ನು ಬಿಟ್ಟು ಅಡ್ಡದಾರಿ ಹಿಡಿಯತೊಡಗುತ್ತದೆ. ಅನ್ನನಾಳದ ಕೆಳಭಾಗದ ಸಣ್ಣ ಅಭಿಧಮನಿಗಳು ಉಬ್ಬುತ್ತವೆ. ಅಂತರವು 12ನ್ನು ಮೀರಿದರೆ ಅವು ಒಡೆಯುವ ಅಪಾಯವುಂಟು. ಒಡೆದರೆ ರೋಗಿಯು ರಕ್ತವನ್ನು ಕಾರಿಕೊಳ್ಳುತ್ತಾನೆ. ಕೂಡಲೇ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಮುಪ್ಪು.

ಈ ಒತ್ತಡಕ್ಕೆಲ್ಲ ನಾರಿನ ಕಲೆಗಳೊಂದೇ ಕಾರಣವೆ? ಅಲ್ಲ. ಯಕೃತ್ತಿನೊಳಗಿನ ಸೂಕ್ಷ್ಮನಾಳಗಳು ಬಿಗಿದುಕೊಳ್ಳುವುದೂ ಒಂದು ಕಾರಣ. ನಾಳಗಳ ಒಳಪದರದ ಜೀವಕಣಗಳು ತಯಾರಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ನಾಳಗಳನ್ನು ಸಡಿಲಿಸಿ ಹಿಗ್ಗಿಸುತ್ತದೆ. ಈ ಅನಿಲದ ಕಾರ್ಯವನ್ನು ಬೆಳಕಿಗೆ ತಂದ ಫರ್ಚ್‌ಗಾಟ್, ಇಗ್ನಾರೊ ಮತ್ತು ಮುರಾದ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಸಿರೋಸಿಸ್ ರೋಗದ ವೈಚಿತ್ರ್ಯವನ್ನು ಇಲ್ಲಿಯೇ ಕಾಣುತ್ತೇವೆ. ಯಕೃತ್ತಿನೊಳಗೆ ಈ ಅನಿಲದ ಅಭಾವ. ಹೊರಗೆ, ಕರುಳಿನ ಅಪಧಮನಿಗಳಲ್ಲಿ, ಅದರ ಅತಿರೇಕ! ಹಿಗ್ಗಿದ ಅಪಧಮನಿಗಳು ಮೊದಲೇ ದಾರಿ ಕಟ್ಟಿದ ಯಕೃತ್ತಿನ ಕಡೆಗೆ ಇನ್ನಷ್ಟು ರಕ್ತವನ್ನು ನೂಕುತ್ತವೆ. ಇತ್ತ ಮೂತ್ರಪಿಂಡಗಳು, ದೇಹದಲ್ಲಿ ರಕ್ತವೇ ಸಾಲದೆಂಬಂತೆ ವರ್ತಿಸಿ, ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ಆ ನೀರು ಹೊಟ್ಟೆಯಲ್ಲಿ ತುಂಬಿ ಜಲೋದರವಾಗುತ್ತದೆ. ಕೊನೆಗೆ ಮೂತ್ರಪಿಂಡಗಳೇ ಸೋಲಬಹುದು.

ಯಕೃತ್ತಿನೊಳಗಿನ ಅಭಾವಕ್ಕೆ ಕಾರಣವೇನು? ಜೀವಕಣಗಳು ಆಮ್ಲಜನಕವನ್ನು ಬಳಸುವಾಗ ಸೂಪರಾಕ್ಸೈಡ್ ಎಂಬ ಉಗ್ರ ಕಣಗಳು ಹುಟ್ಟುತ್ತವೆ. ಇವು ನೈಟ್ರಿಕ್ ಆಕ್ಸೈಡಿನೊಡನೆ ಕೂಡಿ ಅದನ್ನು ನಿಷ್ಫಲಗೊಳಿಸುತ್ತವೆ. ಇಂಥ ಕಣಗಳನ್ನು ಶಮನಗೊಳಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟುಗಳು. ಹಾಗಾದರೆ ಅವುಗಳನ್ನು ಕೊಟ್ಟರೆ ಒತ್ತಡ ಇಳಿಯಬೇಕಲ್ಲವೆ? ಸ್ಪೇನಿನ ಬಾರ್ಸೆಲೋನಾದ ಸಂಶೋಧಕರು ರೋಗಿಗಳ ರಕ್ತಕ್ಕೆ ಸಿ ಜೀವಸತ್ತ್ವವನ್ನು ಸೇರಿಸಿ ಇದನ್ನು ಪರೀಕ್ಷಿಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಿರೋಸಿಸ್ ರೋಗಿಗಳಲ್ಲಿ ಊಟದ ಬಳಿಕ ಪೋರ್ಟಲ್ ಒತ್ತಡ ಏರುವುದು ಸಾಮಾನ್ಯ. ಈ ಜೀವಸತ್ತ್ವವನ್ನು ಪಡೆದವರಲ್ಲಿ ಆ ಏರಿಕೆ ಕಡಮೆಯಾಯಿತು. ಊಹೆ ಸರಿಯೆಂದು ತೋರಿತು.

ಆದರೆ ಕೆಲವು ಗಂಟೆಗಳ ಒತ್ತಡವನ್ನು ಇಳಿಸುವುದೇ ಬೇರೆ, ಆಯುಸ್ಸನ್ನು ಉಳಿಸುವುದೇ ಬೇರೆ. ಎ, ಸಿ, ಇ ಜೀವಸತ್ತ್ವಗಳು, ಬೀಟಾ ಕೆರೊಟಿನ್, ಸೆಲೆನಿಯಂ — ಇವುಗಳನ್ನು ಯಕೃತ್ತಿನ ರೋಗಿಗಳಿಗೆ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2011ರಲ್ಲಿ ತೂಗಿ ನೋಡಿದಾಗ, ಮರಣವನ್ನು ತಗ್ಗಿಸುವ ಗುಣ ಕಂಡುಬರಲಿಲ್ಲ. ಇದು ಅಷ್ಟೇನೂ ಆಶ್ಚರ್ಯವಲ್ಲ. ನುಂಗಿದ ಗುಳಿಗೆಯು ಇಡೀ ದೇಹದಲ್ಲಿ ಹರಡುತ್ತದೆ. ಒಳಗಿನ ಅಭಾವವನ್ನೂ ಹೊರಗಿನ ಅತಿರೇಕವನ್ನೂ ಅದು ಬೇರ್ಪಡಿಸಿ ಅರಿಯದು. ಅದಲ್ಲದೆ, ಬೆಳೆದುನಿಂತ ಕಲೆಗಳು ಅದರಿಂದ ಕರಗುವುದೂ ಇಲ್ಲ.

ಹಾಗೆಂದು ನಾವು ನಿರಾಶರಾಗಬೇಕಾಗಿಲ್ಲ. ಹೃದಯದ ವೇಗವನ್ನು ತಗ್ಗಿಸಿ ಕರುಳಿನ ಅಪಧಮನಿಗಳನ್ನು ಬಿಗಿಗೊಳಿಸುವ ಪ್ರೊಪ್ರನೊಲಾಲ್ ಎಂಬ ಔಷಧದಿಂದ ಮರುರಕ್ತಸ್ರಾವವನ್ನು ತಡೆಯಬಹುದೆಂದು ಫ್ರಾನ್ಸಿನ ಲೆಬ್ರೆಕ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದರು. ಉಬ್ಬಿದ ಅಭಿಧಮನಿಗಳಿಗೆ ಅನ್ನನಾಳದೊಳಗಿಂದಲೇ ಸಣ್ಣ ರಬ್ಬರು ಉಂಗುರಗಳನ್ನು ಬಿಗಿಯುವ ವಿಧಾನವೂ ಬಳಕೆಯಲ್ಲಿದೆ. ಎಲ್ಲಕ್ಕಿಂತ ಮುಖ್ಯವಾದುದು ಮೂಲ ಕಾರಣದ ನಿವಾರಣೆ. ಮದ್ಯವನ್ನು ತ್ಯಜಿಸಬಹುದು, ಹೆಪಟೈಟಿಸ್ ಬಿ ಬರದಂತೆ ಲಸಿಕೆಯುಂಟು, ಹೆಪಟೈಟಿಸ್ ಸಿಯನ್ನು ಕೆಲವೇ ತಿಂಗಳುಗಳ ಗುಳಿಗೆಗಳಿಂದ ಗುಣಪಡಿಸಬಹುದು. ಕಾರಣವು ತೊಲಗಿದರೆ ಪೋರ್ಟಲ್ ಒತ್ತಡವು ತಾನಾಗಿಯೇ ಇಳಿಯುವುದನ್ನು ಎಷ್ಟೋ ರೋಗಿಗಳಲ್ಲಿ ಕಾಣಲಾಗಿದೆ.

ಸೀಸೆಯ ಮೇಲೆ ‘ಆಂಟಿಆಕ್ಸಿಡೆಂಟ್’ ಎಂದು ಅಚ್ಚಾದ ಮಾತ್ರಕ್ಕೆ ಅದು ಯಕೃತ್ತಿನ ಮದ್ದಾಗುವುದಿಲ್ಲ. ತರ್ಕವು ದಾರಿಯನ್ನು ತೋರಿಸೀತು. ಆ ದಾರಿಯಲ್ಲಿ ರೋಗಿಯು ಮನೆಯನ್ನು ಮುಟ್ಟುವನೆ ಎಂಬುದನ್ನು ಪ್ರಯೋಗವೇ ಹೇಳಬೇಕು.