ನಂಬರ್ ಅದೇ, ಕಂಪನಿ ಬೇರೆ

ಪ್ರಶ್ನೆ: ಬ್ಯಾಡಗಿ ಪೇಟೆಯಲ್ಲಿ ಸಿಗ್ನಲ್ ಚೆನ್ನಾಗಿದೆ, ಹೊಲದಲ್ಲಿ ಇಲ್ಲವೇ ಇಲ್ಲ. ಕಂಪನಿ ಬದಲಿಸಿದರೆ ನಂಬರ್ ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. 2011ರ ಜನವರಿಯಿಂದ ದೇಶದಾದ್ಯಂತ ಈ ಸೌಲಭ್ಯವಿದೆ. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬರುವ ಕೋಡ್‌ಗೆ ನಾಲ್ಕು ದಿನವಷ್ಟೇ ಆಯುಷ್ಯ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು.

ಯಾವ ಕಂಪನಿ ಎಂಬುದನ್ನು ಹಾವೇರಿ, ರಾಣೆಬೆನ್ನೂರಿನ ಅಂಗಡಿಯವರಿಗಿಂತ ಬಾಜೂ ಹೊಲದವರೇ ಚೆನ್ನಾಗಿ ಹೇಳಬಲ್ಲರು (ಕಮಿಷನ್ ಹೆಚ್ಚು ಬರುವ ಸಿಮ್ಮನ್ನು ಯಾವ ಅಂಗಡಿಯವರು ಹೊಗಳುವುದಿಲ್ಲ!). ಅವರ ಮೊಬೈಲ್ ಇಸಿದುಕೊಂಡು ನಿಮ್ಮ ಬದುವಿನ ಮೇಲೆ ನಿಂತು ಒಂದು ಕರೆ ಮಾಡಿ ನೋಡಿ. ಬರೀ ಮಾತಿಗಾದರೆ ಡೇಟಾ ಇಲ್ಲದ ಪ್ಯಾಕನ್ನೇ ಕೇಳಿ; ಕಂಪನಿಗಳು ಅದನ್ನು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ.