ಅಹಿಫೇನದ ಬಂಧನವೂ ಬಿಡುಗಡೆಯೂ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಇಂದೂರಿನ ಗೃಹಸ್ಥರೊಬ್ಬರು ಮನೆಗೆ ಬಂದರು. ಕದವನ್ನು ಮುಂದಕ್ಕೆ ಮಾಡಿಕೊಂಡು ತಗ್ಗಿದ ದನಿಯಲ್ಲಿ ಕೇಳಿದರು: “ಮಾಸ್ತರರೆ, ಹುಡುಗನು ನೋವಿನ ಗುಳಿಗೆಗಳ ಚಟಕ್ಕೆ ಬಿದ್ದಿದ್ದಾನೆ. ಎಂಟು ದಿನ ಕೋಣೆಯಲ್ಲಿ ಕೂಡಿಹಾಕಿದರೆ ಬಿಟ್ಟೀತಲ್ಲವೆ?” ಆ ಹುಡುಗನು ನನ್ನ ಶಿಷ್ಯನು. ಬೆನ್ನುನೋವಿಗೆಂದು ಹಿಡಿದ ಔಷಧವು ಈಗ ಅವನನ್ನೇ ಹಿಡಿದುಕೊಂಡಿತ್ತು. ಇಂಥ ಚಿಂತೆಯನ್ನು ಮರ್ಯಾದೆಗೆ ಅಂಜಿ ಒಳಗೊಳಗೇ ನುಂಗುವ ಮನೆಗಳು ಇನ್ನೂ ಇರುವುದರಿಂದ, ವೈದ್ಯರಿಂದ ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತೇನೆ.

ಅಫೀಮಿಗೆ ಸಂಸ್ಕೃತದಲ್ಲಿ ‘ಅಹಿಫೇನ’ ಎಂದು ಹೆಸರು. ಹಾವಿನ ನೊರೆಯೆಂದು ಅರ್ಥ ಹೇಳುವರಾದರೂ, ಅದು ‘ಅಫಿಯೂನ್’ ಎಂಬ ಅರಬ್ಬಿ ಶಬ್ದಕ್ಕೆ ಪಂಡಿತರು ತೊಡಿಸಿದ ವೇಷವೆಂದೇ ತೋರುತ್ತದೆ. ಚರಕ ಸುಶ್ರುತರಲ್ಲಿ ಕಾಣದ ಈ ದ್ರವ್ಯವು ಶಾರ್ಙ್ಗಧರ, ಭಾವಮಿಶ್ರರ ಗ್ರಂಥಗಳಲ್ಲಿ ಔಷಧವಾಗಿ ಬಂದಿದೆ. ಆಂಗ್ಲರ ಆಳಿಕೆಯಲ್ಲಿ ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋಗುವ ತಾಯಂದಿರು ಕೂಸುಗಳನ್ನು ಮಲಗಿಸಲು ಅಫೀಮಿನ ‘ಬಾಲಗೋಳಿ’ ತಿನಿಸುತ್ತಿದ್ದರು. ಮಾರ್ಫೀನು, ಹೆರಾಯಿನ್ ಇವು ಅಫೀಮಿನಿಂದಲೇ ಹುಟ್ಟಿದವು. ಟ್ರಾಮಾಡಾಲಿನಂಥ ಗುಳಿಗೆಗಳು ಅದೇ ಗುಣದ ಕೃತಕ ಬಂಧುಗಳು. 2018ರಲ್ಲಿ ಟ್ರಾಮಾಡಾಲನ್ನೂ ಮಾದಕದ್ರವ್ಯಗಳ ಕಾನೂನಿನೊಳಗೆ ತರಲಾಯಿತು. ಈ ಜಾತಿಯ ದ್ರವ್ಯಗಳನ್ನು ಸೇವಿಸುವವರು ದೇಶದಲ್ಲಿ ಸುಮಾರು 2 ಕೋಟಿ 26 ಲಕ್ಷ ಜನರೆಂದು 2019ರಲ್ಲಿ ಪ್ರಕಟವಾದ ಕೇಂದ್ರ ಸರಕಾರದ ಸಮೀಕ್ಷೆಯು ಅಂದಾಜು ಮಾಡಿತು.

ಕೂಡಿಹಾಕಿದರೆ ಏನಾಗುವುದು? ಮೊದಲು ಆಕಳಿಕೆ, ಕಣ್ಣುಮೂಗುಗಳಲ್ಲಿ ನೀರು; ಬಳಿಕ ಮೈಕೈ ನೋವು, ರೋಮಾಂಚ, ವಾಂತಿಭೇದಿ, ನಿದ್ರಾನಾಶ. ಎರಡು ಮೂರನೆಯ ದಿನಕ್ಕೆ ಯಾತನೆಯು ಶಿಖರಕ್ಕೇರಿ ವಾರದೊಳಗೆ ಬಹುಮಟ್ಟಿಗೆ ಇಳಿಯುವುದು. “ಗುಣವಾಯಿತು” ಎಂದು ಮನೆಯವರು ನಿಟ್ಟುಸಿರು ಬಿಡುವರು. ನಿಜವಾದ ಅಪಾಯವಿರುವುದು ಅಲ್ಲಿಯೇ. ಮನಸ್ಸಿನ ಬಯಕೆ ಉಳಿದಿರುತ್ತದೆ. ಆದರೆ ಹಿಂದಿನ ಪ್ರಮಾಣವನ್ನು ತಾಳಿಕೊಳ್ಳುವ ದೇಹದ ಶಕ್ತಿ ಕುಂದಿರುತ್ತದೆ. ಬಿಟ್ಟವನು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರೇ ನಿಂತುಹೋಗಬಹುದು.

ಆದುದರಿಂದ ವೈದ್ಯರು ದೀರ್ಘಕಾಲದ ಔಷಧವನ್ನು ಕೊಡುವರು. ಬ್ಯೂಪ್ರೆನಾರ್ಫಿನ್ ಎಂಬುದು ನಾಲಿಗೆಯ ಕೆಳಗೆ ಕರಗಿಸುವ ಗುಳಿಗೆ. ಅದು ಮೆದುಳಿನಲ್ಲಿ ಅಫೀಮು ಕೂಡುವ ಸ್ಥಾನದಲ್ಲಿಯೇ ಕುಳಿತು ಬಯಕೆಯನ್ನು ತಣಿಸುತ್ತದೆ. ಅದರ ಪರಿಣಾಮವು ಒಂದು ಮಿತಿಯನ್ನು ದಾಟಿ ಏರದು. ಹಳೆಯ ಮದ್ದಿನ ಬೇನೆ ಮೈಯಲ್ಲಿ ಕಾಣಿಸಿಕೊಂಡ ಮೇಲೆಯೇ ಅದನ್ನು ಆರಂಭಿಸಬೇಕು. ಮೆಥಡೋನ್ ಎಂಬುದನ್ನು ನಿಯಮಿತ ಕೇಂದ್ರಗಳಲ್ಲಿ ನಿತ್ಯವೂ ಕುಡಿಸುವರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇವೆರಡನ್ನೂ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಮೂರನೆಯದಾದ ನಾಲ್ಟ್ರೆಕ್ಸೋನ್ ಅಫೀಮಿನ ಪರಿಣಾಮವನ್ನೇ ತಡೆಯುತ್ತದೆ; ಆದರೆ ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಪೂರ್ಣವಾಗಿ ಬಿಟ್ಟವನಿಗೆ ಮಾತ್ರ ಅದನ್ನು ಕೊಡುವರು. ಇವುಗಳಲ್ಲಿ ಯಾವುದನ್ನೂ ವೈದ್ಯರಿಲ್ಲದೆ ಮುಟ್ಟಕೂಡದು.

“ಒಂದು ಚಟ ಬಿಡಿಸಲು ಇನ್ನೊಂದೆ?” ಎಂದು ಆ ತಂದೆಯವರೂ ಶಂಕಿಸಿದರು. ಸಕ್ಕರೆಯ ರೋಗಿಯು ನಿತ್ಯವೂ ಗುಳಿಗೆ ನುಂಗುವುದನ್ನು ನಾವು ಚಟವೆನ್ನುವುದಿಲ್ಲ. ಕ್ರಮವಾದ ಔಷಧದಿಂದ ಮನುಷ್ಯನು ಉಣ್ಣುತ್ತಾನೆ, ಮಲಗುತ್ತಾನೆ, ಕೆಲಸಕ್ಕೆ ಹೋಗುತ್ತಾನೆ. ಅದನ್ನು ಅವಸರದಿಂದ ನಿಲ್ಲಿಸಿದರೆ ಮತ್ತೆ ಹಳೆಯ ಗುಂಡಿಗೆ ಬೀಳುವ ಭಯವಿದೆ.

ಉಸಿರು ಕ್ಷೀಣಿಸಿ, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾದರೆ ರೋಗಿಯನ್ನು ಪಕ್ಕಕ್ಕೆ ಮಲಗಿಸಿ ಕೂಡಲೆ 108ಕ್ಕೆ ಕರೆಮಾಡಬೇಕು. ಹೋಗುತ್ತಿರುವ ಉಸಿರನ್ನು ಮರಳಿಸಬಲ್ಲ ನಾಲೊಕ್ಸೋನ್ ಎಂಬ ಔಷಧವು ವೈದ್ಯರಲ್ಲಿ ಉಂಟು. ಸಲಹೆಗಾಗಿ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ಇದೆ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್, ಇನ್ನೂ ದೂರ ಹೋಗಬಲ್ಲವರಿಗೆ ಬೆಂಗಳೂರಿನ ನಿಮ್ಹಾನ್ಸ್ ಉಂಟು. ಪೊಲೀಸರ ಭಯದಿಂದ ಹಿಂಜರಿಯಬೇಕಾಗಿಲ್ಲ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿ ಮಾನ್ಯ ಚಿಕಿತ್ಸಾಲಯಕ್ಕೆ ಬಂದು ಚಿಕಿತ್ಸೆಯನ್ನು ಪೂರೈಸಿದರೆ, 1985ರ ಕಾನೂನಿನ 64ಎ ಕಲಮು ಅವನಿಗೆ ರಕ್ಷಣೆ ಕೊಡುತ್ತದೆ.

ಆ ಗೃಹಸ್ಥರು ಕೋಣೆಗೆ ಬೀಗ ಹಾಕಲಿಲ್ಲ. ಮರುವಾರ ಮಗನೊಡನೆ ಧಾರವಾಡದ ಬಸ್ಸು ಹತ್ತಿದರು. ಹುಡುಗನು ಇಂದಿಗೂ ಔಷಧ ಸೇವಿಸುತ್ತಿದ್ದಾನೆ, ಹೊಲಕ್ಕೂ ಹೋಗುತ್ತಿದ್ದಾನೆ. ನಡುವೆ ಒಮ್ಮೆ ಜಾರಿದ್ದೂ ಉಂಟು. ಆಗ ತಂದೆಯು ಗದರಿಸದೆ ಮತ್ತೆ ವೈದ್ಯರಲ್ಲಿಗೆ ಕರೆದೊಯ್ದರು. ಇಂಥ ಕಷ್ಟ ಬಂದ ಮನೆಯವರು ಅದನ್ನು ಮುಚ್ಚಿಡದೆ ಅವರಂತೆಯೇ ನಡೆದುಕೊಳ್ಳಲೆಂಬುದು ನನ್ನ ಪ್ರಾರ್ಥನೆ.